ಇನ್ಸುಲಿನ್‌ಗೆ ಬೇಕಾದದ್ದು ಪಡಿತರ, ವಿಮೆಯಲ್ಲ

ಸಕ್ಕರೆ ಕಾಯಿಲೆ ಇರುವವರು ತಮ್ಮ ಆರೋಗ್ಯ ವಿಮೆಯ ಪಾಲಿಸಿ ಪುಸ್ತಕವನ್ನು ಒಮ್ಮೆ ಕೂತು ಪೂರ್ತಿ ಓದಬೇಕು. ಆಸ್ಪತ್ರೆಗೆ ದಾಖಲಾಗಿ ಇಪ್ಪತ್ನಾಲ್ಕು ಗಂಟೆ ಕಳೆದರೆ ಖರ್ಚು ಸಿಗುತ್ತದೆ. ಕಾಲಿನ ಹುಣ್ಣು ಮಾಯದೆ ಬೆರಳು ತೆಗೆಸಬೇಕಾದರೆ ಸಿಗುತ್ತದೆ. ಕಣ್ಣಿನೊಳಗೆ ರಕ್ತ ಸೋರಿ ಶಸ್ತ್ರಚಿಕಿತ್ಸೆಯಾದರೆ ಸಿಗುತ್ತದೆ. ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಶುರುವಾದರೂ ಸಿಗುತ್ತದೆ. ಇದ್ಯಾವುದೂ ಆಗದಿರಲೆಂದು ದಿನಕ್ಕೆ ಎರಡು ಸಲವೋ ನಾಲ್ಕು ಸಲವೋ ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್‌ಗೆ ಮಾತ್ರ ಸಾಮಾನ್ಯ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ.

ಒಂದು ಸಂದು ಇದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಇಂತಿಷ್ಟು ದಿನ, ಬಹಳಷ್ಟು ಪಾಲಿಸಿಗಳಲ್ಲಿ ಅರವತ್ತು ದಿನ, ಅದೇ ಕಾಯಿಲೆಗೆ ಬರೆದುಕೊಟ್ಟ ಔಷಧಿಯ ಬಿಲ್ಲನ್ನು ಕಂಪನಿ ಕೊಡುತ್ತದೆ. ಅಂದರೆ ಸಕ್ಕರೆ ಹದ ತಪ್ಪಿ, ಪ್ರಜ್ಞೆ ತಪ್ಪಿ, ತುರ್ತು ಘಟಕ ಸೇರಿ ಬದುಕಿ ಬಂದವರಿಗೆ ಎರಡು ತಿಂಗಳ ಇನ್ಸುಲಿನ್ ಸಿಕ್ಕೀತು. ಅರವತ್ತೊಂದನೆಯ ದಿನದಿಂದ ಅವರ ಪಾಡು ಅವರದು. ಆದಾಯ ತೆರಿಗೆಯ ಕಾನೂನೂ ಇದೇ ಧಾಟಿಯದು. ಹಳೆಯ ತೆರಿಗೆ ಪದ್ಧತಿಯ 80ಡಿಡಿಬಿ ಕಲಮಿನಲ್ಲಿ ಗಂಭೀರ ಕಾಯಿಲೆಗಳ ಪಟ್ಟಿಯೊಂದಿದ್ದು, ಅವುಗಳ ಚಿಕಿತ್ಸೆಯ ಖರ್ಚಿಗೆ ರಿಯಾಯಿತಿ ಉಂಟು. ಆ ಪಟ್ಟಿಯಲ್ಲಿ ಮೂತ್ರಪಿಂಡದ ವೈಫಲ್ಯ ಇದೆ, ಮಧುಮೇಹ ಇಲ್ಲ.

ಇಷ್ಟು ಓದಿದ ಮೇಲೆ ವಿಮಾ ಕಂಪನಿಗಳ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಅವರ ವಾದದಲ್ಲಿ ಹುರುಳಿದೆ, ಅದನ್ನು ಒಪ್ಪದೆ ಮುಂದಕ್ಕೆ ಹೋಗಲಾಗದು. ವಿಮೆ ಇರುವುದು ಆಗಲೂಬಹುದು, ಆಗದೆಯೂ ಇರಬಹುದು ಎಂಬಂಥ ನಷ್ಟಕ್ಕೆ. ಸಾವಿರ ಜನ ಅಷ್ಟಿಷ್ಟು ಹಾಕಿ, ಆಪತ್ತು ಬಂದ ಹತ್ತು ಜನರಿಗೆ ಕೊಡುವ ಏರ್ಪಾಡು ಅದು. ಟೈಪ್ 1 ಮಧುಮೇಹ ಇರುವ ಹುಡುಗನಿಗೆ ನಾಳೆಯೂ ಇನ್ಸುಲಿನ್ ಬೇಕು, ನಾಡಿದ್ದೂ ಬೇಕು, ಇನ್ನು ಐವತ್ತು ವರ್ಷ ದಿನವೂ ಬೇಕು. ಅದರಲ್ಲಿ ಅನಿಶ್ಚಿತವಾದದ್ದು ಏನೂ ಇಲ್ಲ. ಖಚಿತವಾಗಿ ಬರುವ ಖರ್ಚಿಗೆ ಕಂಪನಿ ಪ್ರೀಮಿಯಂ ಕಟ್ಟಿಸಿಕೊಂಡರೆ, ಆ ಪ್ರೀಮಿಯಂ ಇನ್ಸುಲಿನ್‌ನ ಬೆಲೆಯಷ್ಟಾಗಿ, ಮೇಲೆ ಕಂಪನಿಯ ಲಾಭವೂ ಸೇರಿಕೊಳ್ಳುತ್ತದೆ. ಹಾಗಾಗಿಯೇ ಹೊರರೋಗಿ ಖರ್ಚಿನ ಹೆಚ್ಚುವರಿ ಪಾಲಿಸಿಗಳು ಬಂದರೂ ಅವುಗಳ ಮಿತಿ ವರ್ಷಕ್ಕೆ ಕೆಲವೇ ಸಾವಿರ ರೂಪಾಯಿಗೆ ನಿಂತುಬಿಡುತ್ತದೆ. ಟೈಪ್ 1 ಎಂದು ಬರೆದ ಅರ್ಜಿಯನ್ನು ಅನೇಕ ಕಂಪನಿಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ತಿಂಗಳ ಅಕ್ಕಿಗೆ ಯಾರೂ ವಿಮೆ ಮಾಡಿಸುವುದಿಲ್ಲ. ಅಕ್ಕಿಗೆ ಪಡಿತರ ಅಂಗಡಿ ಇದೆ. ತಮಿಳುನಾಡು ಇದನ್ನು ದೇಶದ ಬೇರೆಲ್ಲ ಕಡೆಗಿಂತ ಚೆನ್ನಾಗಿ ಬಲ್ಲದು. ಬಡವರು ಯಾರು, ಅಲ್ಲದವರು ಯಾರು ಎಂದು ಗೆರೆ ಎಳೆಯುವುದಕ್ಕೆ ಬೇರೆ ರಾಜ್ಯಗಳು ತಲೆ ಕೆಡಿಸಿಕೊಂಡಾಗ, ಇದು ಎಲ್ಲರಿಗೂ ಪಡಿತರ ಎಂಬ ನೀತಿಯನ್ನು ಬಿಡದೆ ಉಳಿಸಿಕೊಂಡ ರಾಜ್ಯ. ಇನ್ಸುಲಿನ್ ಸೇರಬೇಕಾದದ್ದು ಈ ಸಾಲಿಗೆ ಎಂಬುದು ನನ್ನ ವಾದ.

ಈ ವಾದಕ್ಕೆ ಚೆನ್ನೈಗಿಂತ ತಕ್ಕ ಊರು ಸಿಗದು. ಡಾ. ಎಂ. ವಿಶ್ವನಾಥನ್ 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದೇ ಹೊರರೋಗಿ ವಿಭಾಗ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಅವರ ಆಸ್ಪತ್ರೆ ಹುಟ್ಟಿತು. ಭಾರತದಲ್ಲಿ ಮಧುಮೇಹ ಒಂದು ಪ್ರತ್ಯೇಕ ವೈದ್ಯಶಾಖೆಯಾಗಿ ಬೆಳೆದದ್ದೇ ಇಲ್ಲಿಂದ. ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ ಇದೆ ಎಂದು 2023ರಲ್ಲಿ ಲೆಕ್ಕ ಕೊಟ್ಟ ಐಸಿಎಂಆರ್ ಸಮೀಕ್ಷೆಯನ್ನು ಮುನ್ನಡೆಸಿದ್ದು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್. ಆರೋಗ್ಯ ವಿಮೆಯನ್ನು ಮಾತ್ರ ಮಾರುವ ದೇಶದ ಮೊದಲ ಕಂಪನಿ 2006ರಲ್ಲಿ ಶುರುವಾದದ್ದೂ ಇದೇ ನಗರದಲ್ಲಿ. ವೈದ್ಯವಿದ್ಯೆಗೂ ವಿಮೆಗೂ ಇಲ್ಲಿ ಕೊರತೆಯಿಲ್ಲ. ಆದರೂ ತಿಂಗಳ ಕೊನೆಯ ವಾರದಲ್ಲಿ ಮೆಡಿಕಲ್ ಶಾಪಿನ ಮುಂದೆ ನಿಂತು ಚೀಟಿಯಲ್ಲಿ ಬರೆದದ್ದರಲ್ಲಿ ಯಾವುದನ್ನು ಬಿಡಲಿ ಎಂದು ಲೆಕ್ಕ ಹಾಕುವವರಿಗೂ ಕೊರತೆಯಿಲ್ಲ.

ಆ ಲೆಕ್ಕವನ್ನು ನಾವೂ ಹಾಕಿ ನೋಡೋಣ. ದಿನಕ್ಕೆ 40 ಯೂನಿಟ್ ಬೇಕಾಗುವ ವಯಸ್ಕರೊಬ್ಬರಿಗೆ ತಿಂಗಳಿಗೆ 1,200 ಯೂನಿಟ್ ಆಯಿತು. ಹಳೆಯ ಮಾದರಿಯ ಹ್ಯೂಮನ್ ಇನ್ಸುಲಿನ್ ಹತ್ತು ಮಿಲಿಯ ಸೀಸೆಯಲ್ಲಿ ಬರುತ್ತದೆ, ಒಂದು ಸೀಸೆಯಲ್ಲಿ 400 ಯೂನಿಟ್. ಅದು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಸರ್ಕಾರದ ಕಡಿವಾಣವಿದೆ, ಸೀಸೆಗೆ ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಮೂರು ಸೀಸೆಗೆ ಆರುನೂರು ಎಂದಿಟ್ಟುಕೊಳ್ಳೋಣ. ಅದೇ ಪ್ರಮಾಣವನ್ನು ಹೊಸ ಅನಲಾಗ್ ಇನ್ಸುಲಿನ್‌ನಲ್ಲಿ, ಪೆನ್ನಿನ ಕಾರ್ಟ್ರಿಜ್ ರೂಪದಲ್ಲಿ ಕೊಂಡರೆ, ಬ್ರ್ಯಾಂಡ್ ನೋಡಿಕೊಂಡು, ಎರಡೂವರೆ ಮೂರು ಸಾವಿರದ ಹತ್ತಿರ ಹೋಗುತ್ತದೆ. ಇನ್ನು ಬೆರಳು ಚುಚ್ಚಿ ಸಕ್ಕರೆ ನೋಡುವ ಸ್ಟ್ರಿಪ್. ಒಂದಕ್ಕೆ ಹದಿನೈದು ರೂಪಾಯಿ ಎಂದರೂ, ವೈದ್ಯರು ಹೇಳುವ ಹಾಗೆ ದಿನಕ್ಕೆ ನಾಲ್ಕು ಸಲ ನೋಡಿದರೆ ತಿಂಗಳಿಗೆ 1,800 ರೂಪಾಯಿ. ಸೀಸೆಯ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇನ್ಸುಲಿನ್‌ಗಿಂತ ಅದನ್ನು ಎಷ್ಟು ಹಾಕಿಕೊಳ್ಳಬೇಕೆಂದು ತಿಳಿಯುವ ಖರ್ಚು ಮೂರು ಪಟ್ಟು ಹೆಚ್ಚು.

ದುಡ್ಡು ಸಾಲದೆ ಬಂದಾಗ ಮನೆಗಳಲ್ಲಿ ಮೊದಲು ನಿಲ್ಲುವುದು ಈ ಸ್ಟ್ರಿಪ್. ಯಾರೂ ಅದನ್ನು ಔಷಧಿ ಎಂದುಕೊಳ್ಳುವುದಿಲ್ಲ, ಹಾಗಾಗಿ ಬಿಟ್ಟರೆ ತಪ್ಪೆಂದೂ ಅನ್ನಿಸುವುದಿಲ್ಲ. ಅದರ ಫಲ ಮಾತ್ರ ಇನ್ಸುಲಿನ್ ಬಿಟ್ಟದ್ದಕ್ಕೆ ತೀರ ದೂರವಲ್ಲ. ಅಂದಾಜಿನಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರು ಎಲ್ಲಕ್ಕಿಂತ ಹೆದರುವುದು ರಾತ್ರಿ ನಿದ್ದೆಯಲ್ಲಿ ‘ಲೋ’ ಆಗುವುದಕ್ಕೆ. ಸಕ್ಕರೆ ಇಳಿದು, ಬೆವರಿ, ಎಚ್ಚರವೇ ಆಗದೆ ಹೋದರೆ? ಆ ಭಯಕ್ಕೆ ತಾಯಂದಿರು ಮಗುವಿಗೆ ರಾತ್ರಿಯ ಡೋಸ್‌ನಲ್ಲಿ ಎರಡು ಯೂನಿಟ್ ಕಡಿಮೆ ಮಾಡುತ್ತಾರೆ. ಸಕ್ಕರೆ ಇನ್ನೂರೈವತ್ತು ಇದ್ದರೆ ಇರಲಿ, ಬೆಳಿಗ್ಗೆ ಮಗು ಎದ್ದರೆ ಸಾಕು ಎನ್ನುವ ಲೆಕ್ಕ ಅದು. ಹತ್ತು ಹದಿನೈದು ವರ್ಷ ಹೀಗೆ ಮೇಲೆಯೇ ನಿಂತ ಸಕ್ಕರೆ ಕಣ್ಣನ್ನೂ ಮೂತ್ರಪಿಂಡವನ್ನೂ ತಿನ್ನುತ್ತದೆ. ಆಮೇಲೆ ವಿಮೆ ಬಾಗಿಲು ತೆರೆಯುತ್ತದೆ.

ಸ್ಟ್ರಿಪ್ ಬಿಟ್ಟದ್ದು ಸಾಲದೆ ಇನ್ಸುಲಿನ್ ಅನ್ನೇ ಎಳೆಯುವವರೂ ಇದ್ದಾರೆ. ಹತ್ತು ದಿನ ಬರಬೇಕಾದ ಸೀಸೆಯನ್ನು ಹದಿನೈದು ದಿನ ಬರಿಸುವುದು. ಟೈಪ್ 2 ಇರುವವರಿಗೆ ಇದರ ಕೇಡು ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಟೈಪ್ 1ರಲ್ಲಿ ಅಷ್ಟು ಸಮಯವಿಲ್ಲ. ಅವರ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಹೊರಗಿನಿಂದ ಬರುವುದು ಪೂರ್ತಿ ನಿಂತರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಏರಿ, ವಾಂತಿ ಶುರುವಾಗಿ, ಉಸಿರು ಜೋರಾಗಿ, ಪ್ರಾಣಕ್ಕೇ ಬರುತ್ತದೆ.

‘ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಪುಕ್ಕಟೆ ಕೊಡುತ್ತಾರಲ್ಲ, ಅಲ್ಲಿಗೆ ಹೋಗಲಿ’ ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಕೊಡುತ್ತಾರೆ, ನಿಜ. ಅದು ಸಣ್ಣ ಸಾಧನೆಯೂ ಅಲ್ಲ. 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ರಾಜ್ಯದ ಎಲ್ಲ ಸರ್ಕಾರಿ ಆಸ್ಪತ್ರೆಗಳ ಪರವಾಗಿ ಒಟ್ಟಿಗೆ ಟೆಂಡರ್ ಕರೆದು, ಬ್ರ್ಯಾಂಡಿನ ಹಂಗಿಲ್ಲದೆ ಔಷಧಿ ಕೊಳ್ಳುವ ಕ್ರಮ ತಂದಿತು. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಅದರಲ್ಲಿರುವ ಮೊತ್ತಕ್ಕೆ ತಕ್ಕಂತೆ ಜಿಲ್ಲಾ ಗೋದಾಮಿನಿಂದ ಔಷಧಿ ಎತ್ತಿಕೊಳ್ಳಬಹುದು. ಕೇರಳ, ರಾಜಸ್ಥಾನ ಇದನ್ನು ನೋಡಿ ತಮ್ಮಲ್ಲೂ ಇಂಥದ್ದನ್ನು ಕಟ್ಟಿಕೊಂಡವು. ಸೆಂಟ್ರಲ್ ನಿಲ್ದಾಣದ ಎದುರಿನ ಜಿಎಚ್‌ಗೆ, ಎಗ್ಮೋರಿನ ಮಕ್ಕಳ ಆಸ್ಪತ್ರೆಗೆ ದೂರದೂರದಿಂದ ಜನ ಬರುವುದು ಸುಮ್ಮನೆ ಅಲ್ಲ.

ಆದರೆ ಪುಕ್ಕಟೆ ಎಂಬುದಕ್ಕೂ ಬೆಲೆ ಇದೆ. ಸರದಿಯಲ್ಲಿ ನಿಂತು, ಸಕ್ಕರೆ ನೋಡಿಸಿ, ವೈದ್ಯರನ್ನು ಕಂಡು, ಔಷಧಿ ಕಿಟಕಿಯ ಮುಂದೆ ಮತ್ತೆ ನಿಲ್ಲುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ದಿನಗೂಲಿಯವರಿಗೆ ಅರ್ಧ ದಿನ ಎಂಬುದಿಲ್ಲ, ಹೋದರೆ ಇಡೀ ದಿನದ ಕೂಲಿಯೇ. ಆರುನೂರು ರೂಪಾಯಿಯ ಇನ್ಸುಲಿನ್‌ಗಾಗಿ ಅಷ್ಟೋ ಅದಕ್ಕಿಂತ ಹೆಚ್ಚೋ ಕೂಲಿ ಬಿಡಬೇಕು. ಆದ್ದರಿಂದ ಕೆಲವು ತಿಂಗಳು ಹೋಗುತ್ತಾರೆ, ಕೆಲವು ತಿಂಗಳು ಅಂಗಡಿಯಲ್ಲಿ ಕೊಳ್ಳುತ್ತಾರೆ. ಇಲ್ಲೊಂದು ಅಪಾಯವಿದೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್, ಪೆನ್ನಿನದು 100. ಸಿರಿಂಜ್‌ಗಳೂ ಎರಡು ತರಹ, 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದುಕೊಂಡರೆ ಗೆರೆ 20 ತೋರಿಸುವಾಗ ದೇಹಕ್ಕೆ ಹೋಗುವುದು 50. ಸಿಕ್ಕಲ್ಲಿ ಸಿಕ್ಕಿದ್ದನ್ನು ಕೊಳ್ಳುವ ಮನೆಗಳಲ್ಲಿ ಇಂಥ ತಪ್ಪು ಆಗುವುದು ಅಜ್ಞಾನದಿಂದ ಎಂದು ಕೈತೊಳೆದುಕೊಳ್ಳುವುದು ಅನ್ಯಾಯ.

ಮನೆಗೆ ತಂದದ್ದನ್ನು ಇಡಲು ಜಾಗವೂ ಬೇಕು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕೆನ್ನುತ್ತದೆ ಲೇಬಲ್. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಚೆನ್ನೈನ ತಗಡಿನ ಮನೆಯ ಒಳಗೆ ಎಷ್ಟಿರುತ್ತದೆ ಎಂದು ಹೇಳಬೇಕಾಗಿಲ್ಲ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೈ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಫ್ರಿಜ್ ಇದ್ದವರದ್ದೂ ಅದೇ ಗತಿ. ಸಮಾಧಾನದ ಸುದ್ದಿಯೊಂದು ಉಂಟು. ಕೀನ್ಯಾದ ನಿರಾಶ್ರಿತರ ಶಿಬಿರದ ಹವೆಯನ್ನು ಆಧರಿಸಿ, ಗಡಿಯಿಲ್ಲದ ವೈದ್ಯರ ಸಂಸ್ಥೆಯೂ ಜಿನೀವಾ ವಿಶ್ವವಿದ್ಯಾಲಯವೂ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 25ರಿಂದ 37 ಡಿಗ್ರಿ ನಡುವೆ ಏರಿಳಿಯುವ ಶಾಖದಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್‌ನ ಸತ್ವ ಕುಂದುವುದಿಲ್ಲ. ನೀರು ಚಿಮುಕಿಸಿದ ಮಣ್ಣಿನ ಮಡಕೆ ಈ ಮಿತಿಯೊಳಗೆ ತಂಪು ಉಳಿಸಿಕೊಳ್ಳಲು ನೆರವಾಗುತ್ತದೆ. ಔಷಧಿ ಕಿಟಕಿಯಲ್ಲಿ ಸೀಸೆಯ ಜೊತೆ ಈ ಮಾತನ್ನೂ ಹೇಳಿ ಕಳಿಸಿದರೆ ಫ್ರಿಜ್ ಇಲ್ಲದ ಎಷ್ಟೋ ಮನೆಗಳಿಗೆ ಉಪಕಾರ.

ಬಡವರ ಮಾತಾಯಿತು. ನನ್ನ ಚಿಂತೆ ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರ ಬಗ್ಗೆಯೂ ಇದೆ, ಯಾಕೆಂದರೆ ಅವರನ್ನು ಯಾವ ಯೋಜನೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವುಡ್‌ಲ್ಯಾಂಡ್ಸ್ ಹೋಟೆಲಿನ ಕೃಷ್ಣರಾಯರ ಕಾಲದಿಂದಲೂ ಉಡುಪಿ, ಕುಂದಾಪುರದ ಕಡೆಯವರು ಈ ಊರಿನ ಹೋಟೆಲುಗಳಲ್ಲಿ ದುಡಿದು ಬದುಕು ಕಟ್ಟಿಕೊಂಡಿದ್ದಾರೆ. ಅಂಥ ಹೋಟೆಲೊಂದರಲ್ಲಿ ಇನ್ಸುಲಿನ್ ಹಾಕಿಕೊಳ್ಳುವ ಮೇಲ್ವಿಚಾರಕರೊಬ್ಬರಿಗೆ ತಿಂಗಳಿಗೆ 20,500 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ಅವರು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿದ್ದಾರೆ. ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ, ಅಂದರೆ ನೂರೈವತ್ತು ಚಿಲ್ಲರೆ ರೂಪಾಯಿ ಕಡಿತವಾಗುತ್ತದೆ, ಮಾಲೀಕರು ಶೇಕಡಾ 3.25 ಕಟ್ಟುತ್ತಾರೆ. ಇದಕ್ಕೆ ಪ್ರತಿಯಾಗಿ ಅಯನಾವರಂ ಅಥವಾ ಕೆ.ಕೆ. ನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅವರಿಗೂ ಮನೆಯವರಿಗೂ ದಾಖಲಾದರೂ ಚಿಕಿತ್ಸೆ, ದಾಖಲಾಗದಿದ್ದರೂ ಚಿಕಿತ್ಸೆ, ಔಷಧಿ ಸಮೇತ. 1948ರ ಇಎಸ್‌ಐ ಕಾಯ್ದೆಯನ್ನು ಬರೆದವರು ಕಾಯಿಲೆ ಎಂದರೆ ಆಸ್ಪತ್ರೆಯ ಮಂಚ ಮಾತ್ರ ಎಂದುಕೊಂಡಿರಲಿಲ್ಲ. ಇಂದಿನ ಖಾಸಗಿ ಪಾಲಿಸಿಗಳಿಗಿಂತ ಅದು ಎಷ್ಟೋ ಮುಂದಿದೆ.

ಈಗ ಅವರಿಗೆ ಏಳುನೂರು ರೂಪಾಯಿ ಸಂಬಳ ಹೆಚ್ಚಾಯಿತು. ಇಎಸ್‌ಐನ ಮಿತಿ 21,000; 2017ರಿಂದ ಅದು ಅಲ್ಲೇ ನಿಂತಿದೆ. ಮಾರ್ಚ್ ಅಥವಾ ಸೆಪ್ಟೆಂಬರ್‌ವರೆಗೆ, ಆ ಅವಧಿ ಮುಗಿಯುವ ತನಕ ಸೌಲಭ್ಯ ಉಳಿಯುತ್ತದೆ, ಆಮೇಲೆ ಇಲ್ಲ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಗೆ ಹೋಗೋಣವೆಂದರೆ ಅಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ಅದನ್ನು ದಾಟಿ ಎಷ್ಟೋ ಕಾಲವಾಯಿತು. ಅದು ಸಿಕ್ಕಿದ್ದರೂ ಅದು ಆಸ್ಪತ್ರೆ ಸೇರಿದವರ ವಿಮೆಯೇ. ಇನ್ನು ಉಳಿದದ್ದು ಖಾಸಗಿ ಪಾಲಿಸಿ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದ್ದಾರೆ, 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿನ ಶೇಕಡಾ 18ರ ಜಿಎಸ್‌ಟಿಯನ್ನೂ ತೆಗೆದಿದ್ದಾರೆ. ಒಳ್ಳೆಯದೇ. ಇನ್ಸುಲಿನ್ ಮಾತ್ರ ಆಗಲೂ ಈಗಲೂ ಅದರ ಹೊರಗೇ ಇದೆ. ಸಂಬಳ ಏರಿದ್ದಕ್ಕೆ ಈ ಮನುಷ್ಯ ತಿಂಗಳಿಗೆ ಎರಡು ಮೂರು ಸಾವಿರ ಕಳೆದುಕೊಳ್ಳುತ್ತಾರೆ. ಹೆಚ್ಚಳ ಬೇಡವೆಂದು ಅವರು ಮಾಲೀಕರನ್ನು ಕೇಳಿಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ?

ವಿಮೆ ಎಲ್ಲಿದ್ದರೂ ಅದಕ್ಕೊಂದು ಗೆರೆ ಇದ್ದೇ ಇರುತ್ತದೆ, ಸಂಬಳದ್ದೋ ವಯಸ್ಸಿನದ್ದೋ ಕಾಯುವ ಅವಧಿಯದ್ದೋ. ಅಮೆರಿಕದ ಮಿನ್ನೆಸೋಟದಲ್ಲಿ ಅಲೆಕ್ ಸ್ಮಿತ್ ಎಂಬ ಯುವಕ 26 ತುಂಬಿದಾಗ, ಅಲ್ಲಿನ ನಿಯಮದಂತೆ, ತಾಯಿಯ ವಿಮೆಯಿಂದ ಹೊರಬಿದ್ದ. ತಿಂಗಳೊಳಗೆ, 2017ರ ಜೂನ್‌ನಲ್ಲಿ, ಇನ್ಸುಲಿನ್ ಅನ್ನು ಎಳೆದೆಳೆದು ಹಾಕಿಕೊಳ್ಳುತ್ತ ತೀರಿಕೊಂಡ. 2020ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ಮಾಡಿ, ತುರ್ತಾಗಿ ಬೇಕಾದವರಿಗೆ ಮೂವತ್ತು ದಿನದ ಇನ್ಸುಲಿನ್ ಸಿಗುವ ಹಾಗೆ ಮಾಡಿತು. 2023ರಿಂದ ಮೆಡಿಕೇರ್‌ನ ಹಿರಿಯರಿಗೆ ತಿಂಗಳಿಗೆ 35 ಡಾಲರ್ ಮೀರದಂತೆ ಒಕ್ಕೂಟ ಸರ್ಕಾರ ಮಿತಿ ಹಾಕಿತು. ಜಗತ್ತಿನ ಅತಿ ದುಬಾರಿ ವಿಮಾ ವ್ಯವಸ್ಥೆ ಇರುವ ದೇಶವೂ ಕೊನೆಗೆ ವಿಮೆಯನ್ನು ನಂಬಿ ಕೂರಲಿಲ್ಲ, ಇನ್ಸುಲಿನ್‌ನ ಬೆಲೆಗೂ ಸರಬರಾಜಿಗೂ ನೇರವಾಗಿ ಕೈ ಹಾಕಿತು. ಇನ್ಸುಲಿನ್ ಕಂಡುಹಿಡಿದ ಟೊರಾಂಟೊದ ವಿಜ್ಞಾನಿಗಳು 1923ರಲ್ಲಿ ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು ಎಂಬುದನ್ನು ನೆನೆದರೆ ಅಲೆಕ್‌ನ ಸಾವು ಇನ್ನಷ್ಟು ನೋಯಿಸುತ್ತದೆ.

ನಮ್ಮಲ್ಲಿ ಸರಬರಾಜಿನ ದಾರಿ ಆಗಲೇ ಅರ್ಧ ತೆರೆದಿದೆ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, ಕನ್ನಡವೂ ತೆಲುಗೂ ಮನೆಮಾತಾಗಿರುವ ಗಡಿನಾಡಿನಲ್ಲಿ, ‘ಮಕ್ಕಳೈ ತೇಡಿ ಮರುತ್ತುವಂ’ ಶುರುವಾಯಿತು. ಬಿಪಿ, ಶುಗರ್ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ತಂದುಕೊಡುವ ಯೋಜನೆ ಇದು; 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಬೇಕಾದ ದ್ರವದ ಚೀಲಗಳನ್ನೂ ಈ ಯೋಜನೆ ಒದಗಿಸುತ್ತದೆ. ಅಷ್ಟು ಭಾರದ ಚೀಲವನ್ನು ಹಳ್ಳಿಯ ಬಾಗಿಲಿಗೆ ಮುಟ್ಟಿಸಬಲ್ಲವರಿಗೆ ತಂಪು ಡಬ್ಬಿಯಲ್ಲಿ ಎರಡು ತಿಂಗಳ ಇನ್ಸುಲಿನ್ ಭಾರವಾಗದು. ಇನ್ಸುಲಿನ್ ಬೇಕಾದ ಪ್ರತಿಯೊಬ್ಬರಿಗೂ ಅದು ಹೀಗೆ ಮನೆಗೇ ಬರಬೇಕು, ಆದಾಯದ ಪ್ರಮಾಣಪತ್ರ ಕೇಳದೆ. ಹೋಟೆಲ್ ಮೇಲ್ವಿಚಾರಕರಿಗೂ, ದಿನಗೂಲಿಯವರಿಗೂ ಒಂದೇ ಕಾರ್ಡ್.

ದುಡ್ಡೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಬಯೋಕಾನ್ 2004ರಿಂದ ಸ್ವಂತವಾಗಿ ಹ್ಯೂಮನ್ ಇನ್ಸುಲಿನ್ ತಯಾರಿಸುತ್ತಿದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ 10 ಸೆಂಟ್‌ಗಿಂತ ಕಡಿಮೆ ಬೆಲೆಯಲ್ಲಿ ಕೊಡುವುದಾಗಿ 2019ರಲ್ಲಿ ಅದು ಘೋಷಿಸಿತು. ಆ ದರದಲ್ಲಿ ಒಬ್ಬರಿಗೆ ವರ್ಷಕ್ಕೆ ಮೂರು ಸಾವಿರ ರೂಪಾಯಿಯ ಆಸುಪಾಸು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸುವ ಒಬ್ಬ ರೋಗಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಲಕ್ಷ ರೂಪಾಯಿಗೂ ಮೇಲೆ ಕೊಡುತ್ತಿದೆ. ಇನ್ಸುಲಿನ್ ಸಿಕ್ಕವರಿಗೆಲ್ಲ ಮೂತ್ರಪಿಂಡ ಉಳಿಯುತ್ತದೆ ಎಂದು ನಾನು ಹೇಳಲಾರೆ, ಆದರೆ ಮೂವತ್ತು ಜನರಲ್ಲಿ ಒಬ್ಬರಿಗೆ ಉಳಿದರೂ ಲೆಕ್ಕ ಸರಿಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಕೇರಳ ಇನ್ನೂ ಮುಂದೆ ಹೋಗಿದೆ. 2018ರಲ್ಲಿ ಶುರುವಾದ ‘ಮಿಠಾಯಿ’ ಯೋಜನೆಯಲ್ಲಿ ಟೈಪ್ 1 ಇರುವ ಮಕ್ಕಳಿಗೆ ಅನಲಾಗ್ ಇನ್ಸುಲಿನ್, ಪೆನ್, ಸ್ಟ್ರಿಪ್, ಕೆಲವರಿಗೆ ಪಂಪ್ ಕೂಡ ಸಿಗುತ್ತದೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗೂ ಅದರಲ್ಲಿ ಹಕ್ಕಿದೆ. ಗ್ಲಾರ್ಜಿನ್ ಎಂಬ ಅನಲಾಗ್ 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿರುವುದರಿಂದ ಮಕ್ಕಳಿಗೆ ಸೀಸೆಯೇ ಸಾಕು ಎಂಬ ಮಾತಿಗೆ ಈಗ ಆಧಾರವಿಲ್ಲ. ಆದರೆ ಬಾಲ್ಯಕ್ಕೆಂದು ಮಾಡಿದ ಯೋಜನೆಗಳು ಹದಿನೆಂಟಕ್ಕೆ ನಿಲ್ಲುತ್ತವೆ. ಕಾಲೇಜು ಸೇರುವ, ಕೆಲಸ ಹುಡುಕುವ, ಮನೆಯಿಂದ ದೂರ ಹೋಗುವ ವಯಸ್ಸಿನಲ್ಲೇ ಇನ್ಸುಲಿನ್ ಕೈತಪ್ಪುವುದು ಅಲೆಕ್‌ನ ಕಥೆಗೆ ತೀರ ಹತ್ತಿರದ ಮಾತು. ತಮಿಳುನಾಡು ಇಂಥದ್ದೊಂದನ್ನು ಮಾಡುವುದಾದರೆ ವಯಸ್ಸಿನ ಗೆರೆಯನ್ನು ಮೊದಲೇ ಬಿಟ್ಟುಬಿಡಲಿ.

ಎಲ್ಲವೂ ಒಮ್ಮೆಗೇ ಆಗದಿದ್ದರೆ ಸ್ಟ್ರಿಪ್‌ನಿಂದ ಶುರು ಮಾಡಲಿ. ಸೆಪ್ಟೆಂಬರ್ 2025ರಲ್ಲಿ ಅದರ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದ್ದರಿಂದ ಕೊಳ್ಳುವವರಿಗೆ ಉಳಿದದ್ದು ಒಂದೊಂದಕ್ಕೆ ಒಂದು ರೂಪಾಯಿ ಮಾತ್ರ. ಲಕ್ಷಗಟ್ಟಲೆ ಪೊಟ್ಟಣಕ್ಕೆ ಒಟ್ಟಿಗೆ ಟೆಂಡರ್ ಕರೆದು ಬೆಲೆ ಇಳಿಸುವ ವಿದ್ಯೆ ಸೇವಾ ನಿಗಮಕ್ಕೆ ಮೂರು ದಶಕದಿಂದ ಗೊತ್ತಿದೆ. ಇನ್ಸುಲಿನ್ ಪಡೆಯುವ ಪ್ರತಿಯೊಬ್ಬರಿಗೂ ಮನೆಗೆ ಒಯ್ಯಲು ದಿನಕ್ಕೆ ಕನಿಷ್ಠ ಎರಡರಂತೆ ಸ್ಟ್ರಿಪ್ ಎಂದು ಮುಂದಿನ ಟೆಂಡರಿನಲ್ಲಿ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ಹಾಗೆ ಮಾಡಿದರೆ ಮಗುವಿನ ರಾತ್ರಿಯ ಡೋಸ್ ಎಷ್ಟೆಂದು ಆ ತಾಯಿ ಅಂದಾಜಿನ ಮೇಲೆ ತೀರ್ಮಾನಿಸಬೇಕಾಗುವುದಿಲ್ಲ.